ಟೆನ್ಶನ್ ತಲೆಯಲ್ಲಿ, ನೋವು ಕತ್ತಿನಲ್ಲಿ: ಇದು ಹೇಗಾಗುತ್ತದೆ?

ಕತ್ತು ನೋವು ಅಂತ ಡಾಕ್ಟರ್ ಹತ್ತಿರ ಹೋಗುತ್ತೀರಿ. ಎಕ್ಸ್‌ರೇ ಆಯಿತು, ರಕ್ತ ಪರೀಕ್ಷೆ ಆಯಿತು, ಕೆಲವರಿಗೆ ಎಂಆರ್‌ಐ ಕೂಡ ಆಯಿತು. ಎಲ್ಲವೂ ನಾರ್ಮಲ್. ಕೊನೆಗೆ ಡಾಕ್ಟರ್, "ಏನೂ ತೊಂದರೆ ಇಲ್ಲ, ಸ್ವಲ್ಪ ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ" ಅಂತ ಹೇಳಿ ಕಳಿಸುತ್ತಾರೆ. ಮನೆಗೆ ಬಂದರೆ ಕತ್ತು ಮೊದಲಿನ ಹಾಗೇ ಹಿಡಿದುಕೊಂಡಿದೆ. ಏನೂ ತೊಂದರೆ ಇಲ್ಲ ಅಂದಮೇಲೆ ಈ ನೋವು ಎಲ್ಲಿಂದ ಬಂತು? ನಾನೇ ಕಲ್ಪಿಸಿಕೊಳ್ಳುತ್ತಿದ್ದೇನಾ? ಈ ಪ್ರಶ್ನೆ ಇಟ್ಟುಕೊಂಡು ಒಳಗೊಳಗೇ ಒದ್ದಾಡುವವರು ತುಂಬಾ ಜನ ಇದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ಈ ನೋವು ನಿಜವಾದದ್ದು. ಮನಸ್ಸಿನ ಒತ್ತಡ ಸ್ನಾಯುವಿನವರೆಗೆ ತಲುಪಲು ದೇಹದಲ್ಲಿ ಸ್ಪಷ್ಟವಾದ ದಾರಿಗಳಿವೆ. ನರಗಳಿವೆ, ರಕ್ತದಲ್ಲಿ ಓಡಾಡುವ ಹಾರ್ಮೋನುಗಳಿವೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಎಂಆರ್‌ಐಯಲ್ಲಿ ಸ್ನಾಯುವಿನ ಆಕಾರ ಕಾಣುತ್ತದೆ, ಆದರೆ ಅದು ದಿನವಿಡೀ ಎಷ್ಟು ಬಿಗಿ ಹಿಡಿದುಕೊಂಡಿತ್ತು ಅನ್ನುವುದು ಕಾಣುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದರೆ ಗಾಯ, ಸವೆತ, ಗೆಡ್ಡೆ ಅಂಥದ್ದು ಕಂಡಿಲ್ಲ ಅಂತ ಅರ್ಥ. ಅದು ಒಳ್ಳೆಯ ಸುದ್ದಿಯೇ. ನೋವೇ ಇಲ್ಲ ಅಂತ ಅರ್ಥ ಅಲ್ಲ.

ಇದು ಕೆಲವೇ ಜನರ ಕಷ್ಟವೂ ಅಲ್ಲ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ಮತ್ತು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಲೆನೋವಿನ ಬಗ್ಗೆ ಒಂದು ಸಮೀಕ್ಷೆ ಮಾಡಿದ್ದರು. 2015ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ 'ಟೆನ್ಶನ್ ತಲೆನೋವು', ಅಂದರೆ ಕತ್ತು, ಹಣೆಯ ಸ್ನಾಯುಗಳ ಬಿಗಿತದ ಜೊತೆ ಬರುವ ತಲೆನೋವು, ಅನುಭವಿಸಿದವರು 100ಕ್ಕೆ ಸುಮಾರು 35 ಜನ! ಮೈಗ್ರೇನ್‌ಗಿಂತ ಇದೇ ಜಾಸ್ತಿ.

ಸ್ನಾಯು ಬಿಗಿಯುವುದು ಅಂದರೆ ಏನು?

ನಮ್ಮ ಮೈಯಲ್ಲಿ ಮೂಳೆಗಳಿಗೆ ಅಂಟಿಕೊಂಡ ಸ್ನಾಯುಗಳು 600ಕ್ಕೂ ಹೆಚ್ಚಿವೆ. ಒಂದೊಂದು ಸ್ನಾಯುವೂ ಸಾವಿರಾರು ತೆಳು ಎಳೆಗಳ ಕಟ್ಟು. ಆ ಎಳೆಗಳ ಒಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನ್‌ಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಮಿದುಳಿನಿಂದ ಹೊರಟ ಆದೇಶ ಬೆನ್ನುಹುರಿಯ ಮೂಲಕ ನರಕ್ಕೆ ಬಂದು ಸ್ನಾಯುವನ್ನು ಮುಟ್ಟಿದಾಗ ಎಳೆಯ ಒಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಆಗ ಮಯೋಸಿನ್ ಪಕ್ಕದ ಆಕ್ಟಿನ್ ಅನ್ನು ಹಿಡಿದು ಎಳೆಯುತ್ತದೆ. ಸ್ನಾಯು ಗಿಡ್ಡವಾಗುತ್ತದೆ, ಗಟ್ಟಿಯಾಗುತ್ತದೆ. ಬಿಗಿಯುವುದು ಅಂದರೆ ಇಷ್ಟೇ.

ಇಲ್ಲಿ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹಿಡಿದದ್ದನ್ನು ಬಿಡುವುದಕ್ಕೂ ಶಕ್ತಿ ಬೇಕು. ಎಟಿಪಿ ಎಂಬ ರಾಸಾಯನಿಕದಿಂದ ಆ ಶಕ್ತಿ ಬರುತ್ತದೆ. ಅದು ಸಿಕ್ಕರೆ ಮಾತ್ರ ಮಯೋಸಿನ್ ತನ್ನ ಹಿಡಿತ ಬಿಡುತ್ತದೆ, ಕ್ಯಾಲ್ಸಿಯಂ ಕೂಡ ವಾಪಸ್ ಅದರ ಜಾಗಕ್ಕೆ ಹೋಗುತ್ತದೆ. ಸತ್ತ ಕೆಲವು ಗಂಟೆಗಳ ಮೇಲೆ ದೇಹ ಮರಗಟ್ಟುತ್ತದೆ ಅಲ್ವಾ, ಅದಕ್ಕೂ ಇದೇ ಕಾರಣ. ಎಟಿಪಿ ತಯಾರಾಗುವುದು ನಿಂತುಹೋಗಿರುತ್ತದೆ, ಹಿಡಿದ ಹಿಡಿತ ಬಿಡಿಸುವವರಿಲ್ಲ. ಸಡಿಲವಾಗುವುದು ಅಂದರೆ ಸುಮ್ನೆ ಏನೂ ಮಾಡದೆ ಇರುವುದು ಅಂತ ನಾವು ಅಂದುಕೊಂಡಿದ್ದೇವೆ. ಸ್ನಾಯುವಿನ ಮಟ್ಟದಲ್ಲಿ ಅದೂ ಒಂದು ಕೆಲಸ. ಅದಕ್ಕೆ ರಕ್ತ, ಆಮ್ಲಜನಕ, ಬಿಡುವು ಎಲ್ಲ ಬೇಕು.

ಇನ್ನೊಂದು ಮಾತು. ಸ್ನಾಯು ತಾನಾಗಿ ನಿರ್ಧಾರ ಮಾಡಿ ಬಿಗಿಯುವುದಿಲ್ಲ, ನರದಿಂದ ಆದೇಶ ಬರಬೇಕು. ಕತ್ತು ಹಿಡಿದುಕೊಂಡಿದೆ ಅಂದರೆ ಮೇಲಿನಿಂದ 'ಬಿಗಿ ಹಿಡಿ' ಎಂಬ ಆದೇಶ ಹೋಗಿದೆ, ಬಹಳ ಸಲ ಇನ್ನೂ ಹೋಗುತ್ತಲೇ ಇದೆ. ನಾವಂತೂ ಹಾಗೆ ಹೇಳಿಲ್ಲ. ಹಾಗಾದರೆ ಯಾರು ಹೇಳಿದರು?

ಅಪಾಯ ಬಂದಿದೆ ಅಂತ ದೇಹಕ್ಕೆ ಅನ್ನಿಸಿದಾಗ

ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ಇದ್ದರು. ಬೆಕ್ಕಿನ ಮುಂದೆ ನಾಯಿ ಬೊಗಳುವಂತೆ ಮಾಡಿ, ಹೆದರಿದ ಬೆಕ್ಕಿನ ರಕ್ತದಲ್ಲಿ ಏನು ಬದಲಾಗುತ್ತದೆ ಅಂತ ಅವರು ನೋಡಿದರು. ಹೆದರಿದಾಗ ರಕ್ತದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತಿತ್ತು. ಪ್ರಾಣಿ ಒಂದೋ ಕಾದಾಡಲು, ಇಲ್ಲ ಓಡಿಹೋಗಲು ತಯಾರಾಗುತ್ತದೆ ಎಂದು ಅವರು 1915ರಲ್ಲಿ ವಿವರಿಸಿದರು. ಮನುಷ್ಯರಲ್ಲೂ ಇದೇ ವ್ಯವಸ್ಥೆ ಇದೆ.

ಅದು ಹೀಗೆ ನಡೆಯುತ್ತದೆ. ಮಿದುಳಿನ ಒಳಭಾಗದಲ್ಲಿ ಅಮಿಗ್ಡಲಾ ಎಂಬ ಸಣ್ಣ ಭಾಗ ಇದೆ, ಬಾದಾಮಿ ಗಾತ್ರದ್ದು. ಅಪಾಯದ ವಾಸನೆ ಮೊದಲು ಹಿಡಿಯುವ ಭಾಗಗಳಲ್ಲಿ ಅದು ಮುಖ್ಯವಾದದ್ದು. ಅದು ಹೈಪೊಥಲಾಮಸ್ ಎಂಬ ಇನ್ನೊಂದು ಭಾಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಎರಡು ದಾರಿ. ಒಂದು ನರಗಳ ದಾರಿ, ಕ್ಷಣದಲ್ಲಿ ಕೆಲಸ ಮಾಡುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಹೊರಬರುತ್ತದೆ, ಮೈಯ ಸ್ನಾಯುಗಳು ಬಿಗಿಯಾಗಿ ನಿಲ್ಲುತ್ತವೆ. ಎರಡನೆಯದು ಹಾರ್ಮೋನಿನ ದಾರಿ, ಸ್ವಲ್ಪ ನಿಧಾನ. ಪಿಟ್ಯುಟರಿ ಗ್ರಂಥಿಯ ಮೂಲಕ ಆದೇಶ ಹೋಗಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದು ತುದಿ ಮುಟ್ಟುವುದಕ್ಕೆ 20-30 ನಿಮಿಷ ಬೇಕು. ಬೆಳಿಗ್ಗೆ ಹತ್ತು ಗಂಟೆಗೆ ಮುಗಿದ ಜಗಳ ಹತ್ತೂವರೆಗೂ ಮೈಯಲ್ಲಿ ಉಳಿದಿರುವುದು ಇದೇ ಕಾರಣಕ್ಕೆ.

ಸ್ನಾಯು ಯಾಕೆ ಬಿಗಿಯಬೇಕು? ಓಡಬೇಕಾದರೆ, ಹೊಡೆಯಬೇಕಾದರೆ, ಪೆಟ್ಟು ತಡೆದುಕೊಳ್ಳಬೇಕಾದರೆ ಸಡಿಲ ಮೈ ಇದ್ದರೆ ಆಗುವುದಿಲ್ಲ. ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಪಟಾಕಿ ಢಂ ಅಂದಾಗ ನಿಮ್ಮ ಮೈ ಏನು ಮಾಡುತ್ತದೆ ಗಮನಿಸಿ. ಭುಜ ಮೇಲೆ ಹೋಗುತ್ತದೆ, ತಲೆ ಒಳಗೆ ಸೇರಿಕೊಳ್ಳುತ್ತದೆ, ಕಣ್ಣು ಮುಚ್ಚುತ್ತದೆ, ಹೊಟ್ಟೆ ಬಿಗಿಯುತ್ತದೆ. ಕತ್ತು, ಹೊಟ್ಟೆಯಂಥ ನಾಜೂಕು ಜಾಗಗಳನ್ನು ಕಾಪಾಡಿಕೊಳ್ಳುವ ಹುಟ್ಟುಗುಣ ಇದು. ಯೋಚನೆ ಮಾಡಿ ಮಾಡುವುದಲ್ಲ.

ತೊಂದರೆ ಶುರುವಾಗುವುದು ಇಲ್ಲಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡುತ್ತೀರಿ, ತಪ್ಪಿಸಿಕೊಳ್ಳುತ್ತೀರಿ, ಏದುಸಿರು ಬಿಡುತ್ತಾ ಕೂರುತ್ತೀರಿ, ಕಥೆ ಮುಗಿಯಿತು. ಸಾಲದ ಕಂತು, ಮಗನ ಪಿಯುಸಿ ರಿಸಲ್ಟ್, ಮೇಲಧಿಕಾರಿಯ ರಾತ್ರಿ ಹನ್ನೊಂದರ ಮೆಸೇಜ್, ಆಸ್ಪತ್ರೆಯಲ್ಲಿರುವ ಅಮ್ಮ, ಇವುಗಳಿಂದ ಓಡಿಹೋಗಲು ಆಗುವುದಿಲ್ಲ, ಹೊಡೆದಾಡಲೂ ಆಗುವುದಿಲ್ಲ, ಒಂದು ಗಂಟೆಯಲ್ಲಿ ಮುಗಿಯುವುದೂ ಇಲ್ಲ. ಆದರೆ ಮೈಗೆ ಗೊತ್ತಿರುವುದು ಅದೇ ಹಳೆಯ ಉತ್ತರ. ಕೂತಲ್ಲೇ ಕೂತು ಓಡಲು ತಯಾರಾಗಿರುತ್ತದೆ.

ಮನೆಯ ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವ ಮೋಟರ್ ನೆನಪಿಸಿಕೊಳ್ಳಿ. ಇಪ್ಪತ್ತು ನಿಮಿಷ ಓಡಿಸಿ ಆಫ್ ಮಾಡುವುದಕ್ಕೆ ಅಂತಲೇ ಅದು ಇರುವುದು. ಸ್ವಿಚ್ ಹಾಕಿ ಮರೆತು ಆಫೀಸಿಗೆ ಹೋದರೆ ಮೋಟರ್ ಬಿಸಿಯಾಗುತ್ತದೆ, ಕಾಯಿಲ್ ಸುಡಬಹುದು. ಮೋಟರಿನಲ್ಲಿ ದೋಷ ಏನೂ ಇರಲಿಲ್ಲ. ಆಫ್ ಮಾಡಲಿಲ್ಲ ಅಷ್ಟೇ. ಒತ್ತಡದಿಂದ ಬಿಗಿದ ಸ್ನಾಯುವಿನ ಪಾಡು ಹೀಗೇ.

ಸಣ್ಣ ಬಿಗಿತ ಇಷ್ಟು ದೊಡ್ಡ ನೋವಾಗುವುದು ಹೇಗೆ?

ಇಲ್ಲಿ ಒಂದು ಅನುಮಾನ ಬರಬಹುದು. ಮೂಟೆ ಹೊರುವವರಿಗೆ ಬೆನ್ನು ನೋವು ಬಂದರೆ ಸರಿ, ಕುರ್ಚಿಯಲ್ಲಿ ಕೂತು ಫೋನ್ ನೋಡುವವರಿಗೆ ಯಾಕೆ? ಅಷ್ಟು ಸಣ್ಣ ಬಿಗಿತದಿಂದ ಏನಾಗುತ್ತದೆ?

ಒಂದು ಸ್ನಾಯುವಿನ ಎಲ್ಲ ಎಳೆಗಳೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಸ್ವಲ್ಪ ಬಲ ಬೇಕಿದ್ದರೆ ಸಣ್ಣ ಎಳೆಗಳ ಗುಂಪು ಮೊದಲು ಕೆಲಸಕ್ಕೆ ಇಳಿಯುತ್ತದೆ, ಬಲ ಜಾಸ್ತಿ ಬೇಕಾದಾಗ ದೊಡ್ಡ ಗುಂಪುಗಳು ಬಂದು ಸೇರಿಕೊಳ್ಳುತ್ತವೆ. ಕೆಲಸ ಮುಗಿದಾಗ ದೊಡ್ಡವು ಮೊದಲು ಬಿಡುತ್ತವೆ, ಸಣ್ಣವು ಕೊನೆಗೆ. ಅಂದರೆ ಹಗುರವಾದ ಬಿಗಿತ ದಿನವಿಡೀ ಇದ್ದರೆ ಅದೇ ಸಣ್ಣ ಎಳೆಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ರಜೆ ಇಲ್ಲದೆ ದುಡಿಯುತ್ತವೆ, ಪಕ್ಕದ ದೊಡ್ಡ ಎಳೆಗಳು ಆರಾಮವಾಗಿ ಇರುತ್ತವೆ. ಸ್ವೀಡನ್ನಿನ ಸಂಶೋಧಕರೊಬ್ಬರು 1991ರಲ್ಲಿ ಈ ವಿಚಾರ ಮುಂದಿಟ್ಟರು. ನನಗಂತೂ ಇಡೀ ವಿಷಯದಲ್ಲಿ ಮನಸ್ಸಿಗೆ ತಟ್ಟುವ ಭಾಗ ಇದೇ. ಭಾರ ಎಷ್ಟು ಅನ್ನುವುದಕ್ಕಿಂತ ಬಿಡುವು ಸಿಕ್ಕಿತೋ ಇಲ್ಲವೋ ಅನ್ನುವುದು ಈ ಎಳೆಗಳಿಗೆ ಮುಖ್ಯ.

ಮನಸ್ಸಿನ ಒತ್ತಡ ಒಂದೇ ಸಾಕು, ಈ ಎಳೆಗಳು ಎದ್ದು ಕೂರುತ್ತವೆ. ಚರ್ಮದ ಮೇಲೆ ಪುಟ್ಟ ತಂತಿ ಅಂಟಿಸಿ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ ಇದೆ, ಇಎಂಜಿ ಅಂತ. ಪ್ರಯೋಗಾಲಯದಲ್ಲಿ ಜನರನ್ನು ಸುಮ್ನೆ ಕೂರಿಸಿ, ಕೈಗೆ ಯಾವ ಕೆಲಸವೂ ಕೊಡದೆ, ಬೇಗ ಬೇಗ ಲೆಕ್ಕ ಮಾಡಲು ಹೇಳಿದರೆ ಭುಜದ ಮೇಲಿನ ಟ್ರಪೀಜಿಯಸ್ ಸ್ನಾಯುವಿನಲ್ಲಿ ಚಟುವಟಿಕೆ ಏರುತ್ತದೆ. ಎತ್ತಿದ್ದು ಏನೂ ಇಲ್ಲ, ಯೋಚಿಸಿದ್ದು ಮಾತ್ರ.

ಬಹಳ ಹೊತ್ತು ಬಿಡುವಿಲ್ಲದೆ ಬಿಗಿದ ಜಾಗದಲ್ಲಿ ರಕ್ತದ ಓಡಾಟ ಬೇಕಾದಷ್ಟು ಆಗುವುದಿಲ್ಲ. ನೋವಿನ ನರಗಳನ್ನು ಕೆರಳಿಸುವ ರಾಸಾಯನಿಕಗಳು ಅಲ್ಲೇ ಉಳಿಯುತ್ತವೆ. ನೋವು ಬಂದಾಗ ಮೈ ಆ ಭಾಗವನ್ನು ಅಲ್ಲಾಡದಂತೆ ಕಾಪಾಡಲು ಇನ್ನೂ ಬಿಗಿಯುತ್ತದೆ. ನೋವಿನಿಂದ ರಾತ್ರಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟ ಮೇಲೆ ಸಣ್ಣ ನೋವೂ ಜಾಸ್ತಿ ಅನ್ನಿಸುತ್ತದೆ, ಏನೋ ದೊಡ್ಡ ಕಾಯಿಲೆಯೇ ಇರಬೇಕು ಎಂಬ ಭಯ ಬೇರೆ, ಆ ಭಯವೂ ಒತ್ತಡವೇ ಅಲ್ವಾ, ಅದು ಮತ್ತೆ ಸ್ನಾಯುವಿಗೆ ಬಂದು ಬಡಿಯುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಬೆನ್ನುಹುರಿ ಮತ್ತು ಮಿದುಳಿನ ನೋವಿನ ವ್ಯವಸ್ಥೆಯೇ ಸೂಕ್ಷ್ಮವಾಗಿಬಿಡುತ್ತದೆ. ಮೊದಲು ನೋವು ಅನ್ನಿಸದ ಸ್ಪರ್ಶವೂ ಆಮೇಲೆ ನೋವು ಅನ್ನಿಸುತ್ತದೆ.

ಇದರ ಜೊತೆಗೆ ಕೂರುವ ಭಂಗಿ ಸೇರಿದರೆ ಮುಗಿಯಿತು. ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದರೆ ಬೆನ್ನುಮೂಳೆ ಅದನ್ನು ಹೊರುತ್ತದೆ, ಮುಂದೆ ಬಾಗಿದರೆ ಕತ್ತಿನ ಹಿಂಭಾಗದ ಸ್ನಾಯುಗಳು ಹಿಡಿದು ನಿಲ್ಲಿಸಬೇಕು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿಯುತ್ತಾ ಸಾಗುವ ಡ್ರೈವರ್‌ಗಳು, ಮಾರ್ಚ್ ತಿಂಗಳಲ್ಲಿ ಪುಸ್ತಕದ ಮೇಲೆ ಬಾಗಿದ ಎಸ್‌ಎಸ್‌ಎಲ್‌ಸಿ ಮಕ್ಕಳು, ಇವರಿಗೆಲ್ಲ ಎರಡೂ ಒಟ್ಟಿಗೆ. ಭಂಗಿಯ ಭಾರ ಒಂದು ಕಡೆ, ಮನಸ್ಸಿನ ಭಾರ ಇನ್ನೊಂದು ಕಡೆ. ಇದು ಬರೀ ಐಟಿಯವರ ಕಾಯಿಲೆ ಅನ್ನುವ ಮಾತಿನಲ್ಲಿ ಹುರುಳಿಲ್ಲ.

ಮೈಯಲ್ಲಿ ಎಲ್ಲೆಲ್ಲಿ ಕೂರುತ್ತದೆ?

ಕತ್ತು ಮತ್ತು ಭುಜ ಎಲ್ಲರಿಗೂ ಗೊತ್ತು. ಕತ್ತಿನ ಬುಡ, ತಲೆಬುರುಡೆ ಸೇರುವ ಜಾಗ, ಹಣೆ, ಇಲ್ಲಿನ ಸ್ನಾಯುಗಳು ಬಿಗಿದಾಗ ಟೆನ್ಶನ್ ತಲೆನೋವಿಗೆ ದಾರಿಯಾಗುತ್ತದೆ. ಅದು ಸಾಮಾನ್ಯವಾಗಿ ತಲೆಯ ಎರಡೂ ಕಡೆ ಒತ್ತಿ ಹಿಡಿದಂಥ ನೋವು. ಮೈಗ್ರೇನ್ ಹಾಗೆ ಒಂದೇ ಕಡೆ ಪಟಪಟ ಬಡಿಯುವುದು, ವಾಂತಿ ಬರುವುದು ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ದವಡೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಈಗ ಇದನ್ನು ಓದುತ್ತಿರುವಾಗ ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ತಾಗಿಕೊಂಡಿವೆಯಾ ನೋಡಿ. ತಾಗಬಾರದು. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಸ್ವಲ್ಪ ಜಾಗ ಇರಬೇಕು, ಅದು ದವಡೆಯ ವಿಶ್ರಾಂತಿಯ ಸ್ಥಿತಿ. ಅಗಿಯುವುದು, ನುಂಗುವುದು ಎಲ್ಲ ಸೇರಿದರೂ ದಿನದಲ್ಲಿ ಹಲ್ಲಿಗೆ ಹಲ್ಲು ತಾಗುವುದು ಕೆಲವೇ ನಿಮಿಷ. ಒತ್ತಡದಲ್ಲಿ ಇರುವವರು ಗೊತ್ತಿಲ್ಲದೆ ಹಲ್ಲು ಕಚ್ಚಿ ಹಿಡಿಯುತ್ತಾರೆ, ಕೆಲವರು ನಿದ್ದೆಯಲ್ಲಿ ಕಟಕಟ ಕಡಿಯುತ್ತಾರೆ. ಬೆಳಿಗ್ಗೆ ಎದ್ದಾಗ ಕೆನ್ನೆ ನೋವು, ಕಿವಿಯ ಮುಂದೆ ನೋವು, ಹಲ್ಲು ಸವೆಯುವುದು, ಇವೆಲ್ಲ ಅದರ ಗುರುತು. ಕಿವಿ ನೋವು ಅಂತ ಹೋದವರಿಗೆ ಕಡೆಗೆ ದವಡೆಯ ಸ್ನಾಯು ಅಂತ ತಿಳಿಯುವುದೂ ಉಂಟು.

ಇನ್ನು ಉಸಿರು. ಆರಾಮವಾಗಿ ಇದ್ದಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ದೊಡ್ಡ ಸ್ನಾಯು ಉಸಿರಾಟದ ಬಹುಪಾಲು ಕೆಲಸ ಮಾಡುತ್ತದೆ, ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತದೆ. ಆತಂಕದಲ್ಲಿ ಎದೆಯ ಮೇಲ್ಭಾಗದಿಂದ ಗಿಡ್ಡ ಗಿಡ್ಡ ಉಸಿರು. ಆಗ ಕತ್ತಿನ ಸ್ನಾಯುಗಳು ಪಕ್ಕೆಲುಬನ್ನು ಮೇಲೆ ಎಳೆಯಲು ಸಹಾಯಕ್ಕೆ ಬರುತ್ತವೆ. ದಿನಕ್ಕೆ 21,600 ಉಸಿರು ಅಂತ ನಮ್ಮಲ್ಲಿ ಹಿಂದಿನಿಂದ ಒಂದು ಲೆಕ್ಕ ಹೇಳುತ್ತಾರೆ, ನಿಮಿಷಕ್ಕೆ 15ರಂತೆ. ಅಷ್ಟೂ ಸಲ ಕತ್ತಿನ ಸ್ನಾಯು ಎಳೆದರೆ ಅದಕ್ಕೆ ಸುಸ್ತಾಗದೆ ಇರುತ್ತದಾ?

ಸೊಂಟದ ಸುತ್ತ, ತೊಡೆಯ ಮೇಲ್ಭಾಗದಲ್ಲಿ, ಹೊಟ್ಟೆಯ ತಳದಲ್ಲಿ ಮೂತ್ರಕೋಶವನ್ನು ಹೊತ್ತಿರುವ ಸ್ನಾಯುಗಳಲ್ಲೂ ಬಿಗಿತ ಕೂರುತ್ತದೆ. ಕೊನೆಯದರ ಬಗ್ಗೆ ಜನ ನಾಚಿಕೆಯಿಂದ ಹೇಳುವುದೇ ಇಲ್ಲ. ಹೇಳಿದರೆ ಅದಕ್ಕೂ ಫಿಸಿಯೋಥೆರಪಿ ಇದೆ.

ಸಡಿಲಿಸುವುದು ಹೇಗೆ?

'ರಿಲ್ಯಾಕ್ಸ್ ಆಗಿ' ಅಂದರೆ ಯಾರೂ ಆಗುವುದಿಲ್ಲ. ಬಿಗಿಯಾಗಿದ್ದೇನೆ ಅಂತಲೇ ಗೊತ್ತಿರದವರು ಬಿಡುವುದಾದರೂ ಹೇಗೆ? ತಿಂಗಳುಗಟ್ಟಲೆ ಭುಜ ಎತ್ತಿ ಹಿಡಿದವರಿಗೆ ಅದೇ ಸಹಜ ಸ್ಥಿತಿ ಅನ್ನಿಸಿಬಿಟ್ಟಿರುತ್ತದೆ. ಹಾಗಾಗಿ ಮೊದಲು ಕಲಿಯಬೇಕಾದದ್ದು ಗುರುತಿಸುವುದು.

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಇದಕ್ಕೆ ಒಂದು ವಿಧಾನ ಕಂಡುಹಿಡಿದರು. ಮೈ ಪೂರ್ತಿ ಸಡಿಲವಾಗಿದ್ದವರು ಜೋರು ಸದ್ದಿಗೂ ಅಷ್ಟಾಗಿ ಬೆಚ್ಚಿ ಬೀಳುವುದಿಲ್ಲ ಅಂತ ಅವರು ಗಮನಿಸಿದ್ದರು. ಮನಸ್ಸು ಸ್ನಾಯುವನ್ನು ಬಿಗಿಯುತ್ತದೆ ನಿಜ, ಸ್ನಾಯು ಸಡಿಲವಾದರೆ ಮನಸ್ಸೂ ತಣ್ಣಗಾಗುತ್ತದೆ, ದಾರಿ ಎರಡೂ ಕಡೆಗೆ ಇದೆ ಅನ್ನುವುದು ಅವರ ವಾದ. 1920ರ ದಶಕದಲ್ಲಿ ಅವರು ರೂಪಿಸಿದ ಮೂಲ ಅಭ್ಯಾಸ ಕಲಿಯಲು ತಿಂಗಳುಗಳೇ ಬೇಕಾಗುತ್ತಿದ್ದವು. ಈಗ ಬಳಕೆಯಲ್ಲಿ ಇರುವುದು ಅದರ ಗಿಡ್ಡ ರೂಪ, ಮನೆಯಲ್ಲೇ ಮಾಡಬಹುದು.

ಅಂಗಾತ ಮಲಗಿ ಅಥವಾ ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿ. ಬಲಗೈ ಮುಷ್ಟಿ ಬಿಗಿಯಿರಿ. ಪೂರ್ತಿ ಬಲ ಬೇಡ, ಅರ್ಧ ಸಾಕು. ಐದು ಸೆಕೆಂಡ್ ಹಾಗೇ ಹಿಡಿದು ಬಿಗಿ ಅಂದರೆ ಹೇಗಿರುತ್ತದೆ ಅಂತ ಗಮನಿಸಿ. ಆಮೇಲೆ ಒಮ್ಮೆಲೇ ಬಿಟ್ಟುಬಿಡಿ. ಇಪ್ಪತ್ತು ಮೂವತ್ತು ಸೆಕೆಂಡ್ ಏನೂ ಮಾಡಬೇಡಿ, ಕೈ ಭಾರವಾಗುವುದನ್ನು, ಬೆಚ್ಚಗಾಗುವುದನ್ನು ಸುಮ್ನೆ ನೋಡುತ್ತಾ ಇರಿ. ಎಡಗೈಗೆ ಹೀಗೇ. ಆಮೇಲೆ ತೋಳು, ಹಣೆ ಸುಕ್ಕುಗಟ್ಟಿಸಿ ಬಿಡುವುದು, ಕಣ್ಣು ಬಿಗಿಯಾಗಿ ಮುಚ್ಚಿ ಬಿಡುವುದು, ದವಡೆ, ಭುಜ ಕಿವಿಯತ್ತ ಎತ್ತಿ ಬಿಡುವುದು, ಹೊಟ್ಟೆ, ತೊಡೆ, ಮೀನಖಂಡ, ಪಾದ. ಎಲ್ಲ ಸೇರಿ ಹದಿನೈದು ನಿಮಿಷ. ಈಗಾಗಲೇ ನೋವಿರುವ ಜಾಗವನ್ನು ಬಿಗಿಯಬೇಡಿ, ಅಲ್ಲಿ ಬಿಡುವುದನ್ನು ಮಾತ್ರ ಮಾಡಿ. ಒಂದೇ ದಿನಕ್ಕೆ ಪವಾಡ ಆಗುವುದಿಲ್ಲ, ಕೆಲವು ವಾರ ದಿನಾ ಮಾಡಿದರೆ ಕೆಲಸದ ನಡುವೆಯೇ 'ಓ, ಭುಜ ಮೇಲೆ ಹೋಗಿದೆ' ಅಂತ ಹೊಳೆಯಲು ಶುರುವಾಗುತ್ತದೆ. ಆ ಹೊಳೆಯುವಿಕೆಯೇ ಇದರ ದೊಡ್ಡ ಲಾಭ.

ಉಸಿರಿನ ಅಭ್ಯಾಸ ಇನ್ನೂ ಸುಲಭ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ ಸಾಕು. ಹೊರಗೆ ಬಿಡುವುದು ಯಾಕೆ ಉದ್ದ ಇರಬೇಕು? ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ ಇದೆ, ದೇಹವನ್ನು ಶಾಂತ ಮಾಡುವ ಆದೇಶಗಳು ಅದರ ಮೂಲಕ ಹೋಗುತ್ತವೆ. ಉಸಿರು ಒಳಗೆ ಹೋಗುವಾಗ ಎದೆ ಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬಿಡುವಾಗ ಈ ನರದಿಂದಾಗಿ ಇಳಿಯುತ್ತದೆ. ನಾಡಿ ಹಿಡಿದು ನೀವೇ ಪರೀಕ್ಷೆ ಮಾಡಬಹುದು. ಎದೆ ಬಡಿತವನ್ನು ಮನಸ್ಸಿನಿಂದ ನೇರವಾಗಿ ಇಳಿಸಲು ನಮಗೆ ಆಗುವುದಿಲ್ಲ, ಉಸಿರನ್ನು ಮಾತ್ರ ನಾವು ಬದಲಿಸಬಹುದು. ಆನ್ ಆಗೇ ಉಳಿದ ಆ ಮೋಟರಿನ ಸ್ವಿಚ್ಚಿಗೆ ನಮ್ಮ ಕೈ ಎಟುಕುವ ಜಾಗ ಇದು. ತಲೆ ಸುತ್ತಿದ ಹಾಗಾದರೆ ನಿಲ್ಲಿಸಿ, ಮಾಮೂಲಿ ಉಸಿರಾಡಿ.

ನಮ್ಮ ಶವಾಸನದಲ್ಲೂ ಇದೇ ಗುಣ ಇದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಆವರ್ತನ ಧ್ಯಾನ ಎಂಬ ಕ್ರಮ ರೂಪಿಸಿದ್ದಾರೆ, ಅದರಲ್ಲಿ ನಿಧಾನವಾದ ಆಸನ ಮತ್ತು ವಿಶ್ರಾಂತಿ ಒಂದಾದ ಮೇಲೆ ಒಂದು ಬರುತ್ತವೆ. ಸುಮ್ನೆ ಮಲಗಿದರೆ ತಲೆಯಲ್ಲಿ ಯೋಚನೆ ಇನ್ನೂ ಜಾಸ್ತಿ ಓಡುತ್ತದೆ ಅನ್ನುವವರಿಗೆ ಇಂಥ ಅಭ್ಯಾಸ ಹೆಚ್ಚು ಹೊಂದುತ್ತದೆ ಅಂತ ನನ್ನ ಅನಿಸಿಕೆ, ಮೈಗೆ ಮಾಡಲು ಏನೋ ಇರುತ್ತದೆ.

ನಡೆದಾಡುವುದನ್ನು ನಾನು ಔಷಧಿಗಿಂತ ಮೊದಲು ಇಡುತ್ತೇನೆ. ಅಡ್ರಿನಲಿನ್ ಮೈಯನ್ನು ಓಡಲು ತಯಾರು ಮಾಡಿತ್ತು ತಾನೇ? ಸರಿ, ನಡೆಯಿರಿ. ನಡೆಯುವಾಗ ಸ್ನಾಯು ಬಿಗಿಯುತ್ತದೆ, ಬಿಡುತ್ತದೆ, ಮತ್ತೆ ಬಿಗಿಯುತ್ತದೆ, ಮತ್ತೆ ಬಿಡುತ್ತದೆ. ರಕ್ತ ಚೆನ್ನಾಗಿ ಓಡಾಡುತ್ತದೆ, ದಣಿದ ಸಣ್ಣ ಎಳೆಗಳಿಗೆ ಬಿಡುವು ಸಿಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ಅದರ ಜೊತೆಗೆ ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಎದ್ದು ನಿಂತರೂ ಸಾಕು. ಸರಿಯಾದ ಭಂಗಿಯಲ್ಲಿ ನಾಲ್ಕು ಗಂಟೆ ಅಲ್ಲಾಡದೆ ಕೂರುವುದಕ್ಕಿಂತ ಹೇಗೋ ಕೂತು ಆಗಾಗ ಏಳುವುದು ಮೇಲು.

ಬಿಸಿ ಶಾಖದಿಂದ ರಕ್ತದ ಓಡಾಟ ಹೆಚ್ಚುತ್ತದೆ. ಬಿಸಿ ನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರು ಎಚ್ಚರ, ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ನೀವಿ, ಹಂಡೆಯ ಬಿಸಿ ನೀರು ಹುಯ್ದುಕೊಂಡು, ಆಮೇಲೆ ಹೊದ್ದು ಮಲಗುವ ಎಣ್ಣೆ ಸ್ನಾನದಲ್ಲಿ ಶಾಖ, ಸ್ಪರ್ಶ, ವಿಶ್ರಾಂತಿ ಮೂರೂ ಇವೆ. ಮಸಾಜ್ ಕೂಡ ಹಿತ ಕೊಡುತ್ತದೆ, ಆದರೆ ಎರಡು ದಿನ ಬಿಟ್ಟು ನೋವು ಮರಳಿ ಬಂದರೆ ಮಸಾಜ್ ಸರಿ ಮಾಡಲಿಲ್ಲ ಅಂತ ಬೈಯಬೇಡಿ. ಮೇಲಿನಿಂದ ಆದೇಶ ಇನ್ನೂ ಬರುತ್ತಿದ್ದರೆ ಸ್ನಾಯು ಮತ್ತೆ ಬಿಗಿಯಲೇಬೇಕು. ಕಟಿಂಗ್ ಶಾಪಿನಲ್ಲಿ ಕತ್ತನ್ನು ಟಕ್ ಅನ್ನಿಸುವುದನ್ನು ಮಾತ್ರ ದಯವಿಟ್ಟು ಮಾಡಿಸಿಕೊಳ್ಳಬೇಡಿ. ಕತ್ತಿನ ಮೂಳೆಯ ಪಕ್ಕದಲ್ಲೇ ಮಿದುಳಿಗೆ ಹೋಗುವ ರಕ್ತನಾಳ ಇದೆ, ರಭಸದಿಂದ ತಿರುಗಿಸಿದಾಗ ಅದರ ಒಳಗೋಡೆ ಹರಿದು ಲಕ್ವ ಹೊಡೆಯುವ ಅಪಾಯ ಅಪರೂಪಕ್ಕಾದರೂ ಇದೆ.

ಮಾತ್ರೆಯ ವಿಷಯ. ಅಪರೂಪಕ್ಕೆ ಒಂದು ಪ್ಯಾರಾಸಿಟಮಾಲ್ ತಗೊಂಡರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಮಾಮೂಲಿ ನೋವಿನ ಮಾತ್ರೆ ನುಂಗುತ್ತಾ ಮೂರು ತಿಂಗಳು ದಾಟಿದರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳಾದರೆ 10 ದಿನವೇ ಸಾಕು. ಸ್ನಾಯು ಸಡಿಲಿಸುವ ಮಾತ್ರೆಗಳು ನಿದ್ದೆ ತರುತ್ತವೆ, ತಗೊಂಡು ಗಾಡಿ ಓಡಿಸಬಾರದು, ಡಾಕ್ಟರ್ ಬರೆದುಕೊಡದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳಲೂ ಬಾರದು.

ಒತ್ತಡದ ಮೂಲ ಹಾಗೇ ಇದ್ದರೆ?

ಉಸಿರಾಟದಿಂದ ಸಾಲ ತೀರುವುದಿಲ್ಲ, ಶವಾಸನದಿಂದ ಮನೆಯ ಜಗಳ ನಿಲ್ಲುವುದಿಲ್ಲ. ಇದನ್ನು ಹೇಳದೆ ಬರೀ ವ್ಯಾಯಾಮ ಹೇಳಿದರೆ ಓದುವವರಿಗೆ ಅನ್ಯಾಯ. ಈ ಅಭ್ಯಾಸಗಳು ಮಾಡುವುದು ಇಷ್ಟು: ನೋವು ಮತ್ತು ನಿದ್ದೆಗೇಡಿನ ಸುತ್ತನ್ನು ಒಂದು ಕಡೆ ಮುರಿಯುತ್ತವೆ, ಉಳಿದದ್ದನ್ನು ಎದುರಿಸಲು ಮೈಗೆ ತ್ರಾಣ ಕೊಡುತ್ತವೆ. ಮಿಕ್ಕಿದ್ದಕ್ಕೆ ಮಾತಾಡಬೇಕು. ಮನೆಯವರ ಹತ್ತಿರ, ಸ್ನೇಹಿತರ ಹತ್ತಿರ, ಆಗದಿದ್ದರೆ ಆಪ್ತಸಮಾಲೋಚಕರ ಹತ್ತಿರ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಯಾವಾಗ ಟೆನ್ಶನ್ ಅಂತ ಬಿಟ್ಟುಬಿಡಬಾರದು?

ಎಲ್ಲ ನೋವನ್ನೂ ಟೆನ್ಶನ್ ಲೆಕ್ಕಕ್ಕೆ ಹಾಕುವುದೂ ಅಪಾಯವೇ. ಎದೆಯಲ್ಲಿ ಒತ್ತಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ಬೆವರು, ಉಸಿರುಕಟ್ಟು ಜೊತೆಗಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಹಿಂದೆಂದೂ ಇಲ್ಲದಷ್ಟು ಜೋರು ತಲೆನೋವು ಒಮ್ಮೆಲೇ ಬಂದರೆ, ಜ್ವರದ ಜೊತೆ ಕತ್ತು ಮುಂದೆ ಬಾಗಿಸಲಾಗದಂತೆ ಗಟ್ಟಿಯಾದರೆ, ಮುಖ ಒಂದು ಕಡೆ ಜೋತುಬಿದ್ದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕಡಿಮೆಯಾದರೆ, ಬೆನ್ನುನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ ಆಸ್ಪತ್ರೆಗೆ ಅದೇ ದಿನ, ಅದೇ ಗಂಟೆ ಹೋಗಬೇಕು. ಬಿದ್ದ ಮೇಲೆ ಅಥವಾ ಅಪಘಾತದ ಮೇಲೆ ಶುರುವಾದ ಕತ್ತು ನೋವಿಗೂ ಇದೇ ಮಾತು.

ಮಲಗಿದರೂ ಕಡಿಮೆಯಾಗದೆ ರಾತ್ರಿ ಎಬ್ಬಿಸುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕೈಬೆರಳು ಜೋಮು ಹಿಡಿಯುವುದು ಇದ್ದರೆ ಆ ವಾರದಲ್ಲೇ ತೋರಿಸಿ. ಥೈರಾಯ್ಡ್ ಕಡಿಮೆ ಇದ್ದರೆ, ವಿಟಮಿನ್ ಡಿ ಕೊರತೆ ಇದ್ದರೆ, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದರಿಂದಲೂ ಮೈಕೈ ನೋವು ಬರಬಹುದು. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.